ಹತ್ತನೆಯವನ ಹುಡುಕಾಟ

ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ನಾವೆಲ್ಲರೂ ಕೇಳಿದ ಕತೆಯೊಂದುಂಟು. ಹತ್ತು ಮಂದಿ ಗೆಳೆಯರು ಕೂಡಿ ಹೊಳೆ ದಾಟಿದರು. ಆಚೆಯ ದಡ ಸೇರಿದ ಮೇಲೆ, ಎಲ್ಲರೂ ಕ್ಷೇಮವಾಗಿ ಬಂದೆವೋ ಇಲ್ಲವೋ ನೋಡೋಣವೆಂದು ಒಬ್ಬನು ಎಣಿಸಿದ. ಒಂಬತ್ತೇ ಮಂದಿ! ಇನ್ನೊಬ್ಬ ಎಣಿಸಿದ, ಅವನಿಗೂ ಒಂಬತ್ತೇ. ಹತ್ತನೆಯವನು ಹೊಳೆಯ ಪಾಲಾದನೆಂದು ಎಲ್ಲರೂ ಅಳತೊಡಗಿದರು. ಕೊನೆಗೆ ದಾರಿಹೋಕನೊಬ್ಬ ಬಂದು, "ಅಯ್ಯಾ, ಎಣಿಸುವಾಗ ನಿನ್ನನ್ನು ನೀನೇ ಬಿಟ್ಟೆಯಲ್ಲ!" ಎಂದು ತೋರಿಸಿಕೊಟ್ಟ ಮೇಲೆ ಅಳು ನಿಂತಿತು.

ಕತೆ ಕೇಳಿ ನಾವು ನಗುತ್ತೇವೆ. ಆದರೆ ಅದರಲ್ಲಿ ನಗೆಗಿಂತ ಹೆಚ್ಚಿನದೂ ಒಂದಿದೆ. ಒಬ್ಬನು ಕಾಣೆಯಾಗಿದ್ದಾನೆಂದು ಹೇಳುವುದು ಸುಲಭವಾದ ಮಾತಲ್ಲ. ಹಾಗೆ ಹೇಳುವ ಮೊದಲು ಇರುವವರನ್ನೆಲ್ಲ ತಪ್ಪಿಲ್ಲದೆ ಎಣಿಸಿರಬೇಕು. ಎಣಿಸುವವನು ತನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರಬೇಕು. ಇಂದು ಜಗತ್ತಿನ ಸಾವಿರಾರು ವಿಜ್ಞಾನಿಗಳು ಇಂತಹದೇ ಒಂದು ಎಣಿಕೆಯಲ್ಲಿ ತೊಡಗಿದ್ದಾರೆ. ಅವರು ಹುಡುಕುತ್ತಿರುವ ಹತ್ತನೆಯವನ ಹೆಸರು ಸೂಪರ್‌ಸಿಮೆಟ್ರಿ. ಕನ್ನಡದಲ್ಲಿ ಅದನ್ನು ಅತಿಸಮ್ಮಿತಿ ಎಂದು ಕರೆಯೋಣ.

ಹುಡುಕಲು ತೊಡಗಿ ಐವತ್ತು ವರ್ಷಗಳಾಗುತ್ತ ಬಂದುವು. ಹತ್ತನೆಯವನು ಇನ್ನೂ ಸಿಕ್ಕಿಲ್ಲ. ಹಾಗಾದರೆ ಈ ದುಡಿಮೆಯೆಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೆ? ಈ ಎಣಿಕೆಯಲ್ಲಿ ನಮ್ಮ ಮುಂಬಯಿಯ ಕೈ ಇದೆ, ಬೆಂಗಳೂರಿನ ಕೈ ಇದೆ. ಇದಕ್ಕೆ ಹಿನ್ನೆಲೆಯಾಗಿ ಕೋಲಾರದ ನೆಲವೂ ಇದೆ. ಆದುದರಿಂದ ಈ ಪ್ರಶ್ನೆಯನ್ನು ದೂರದವರ ಪ್ರಶ್ನೆಯೆಂದು ಬಿಟ್ಟುಬಿಡುವಂತಿಲ್ಲ.

ಎರಡು ಕುಲದ ಕಣಗಳು

ಕಲ್ಲು, ನೀರು, ನಮ್ಮ ಮೈ, ಯಾವುದನ್ನೇ ತೆಗೆದುಕೊಂಡು ಒಡೆಯುತ್ತ ಹೋದರೂ ಮೊದಲು ಅಣು, ಆಮೇಲೆ ಪರಮಾಣು, ಪರಮಾಣುವಿನೊಳಗೆ ಎಲೆಕ್ಟ್ರಾನು ಮತ್ತು ಪ್ರೋಟಾನು, ಪ್ರೋಟಾನಿನೊಳಗೆ ಕ್ವಾರ್ಕು, ಹೀಗೆ ಕೊನೆಗೆ ಇನ್ನು ಒಡೆಯಲಾರದ ಕಣಗಳ ಬಳಿಗೆ ಬಂದು ನಿಲ್ಲುತ್ತೇವೆ. ಈ ಕಣಗಳು ಎರಡು ಕುಲಕ್ಕೆ ಸೇರಿದವು. ಒಂದಕ್ಕೆ ಇಟಲಿಯ ಎನ್ರಿಕೊ ಫರ್ಮಿಯ ಹೆಸರಿನಿಂದ ಫರ್ಮಿಯಾನ್ ಎಂದೂ, ಇನ್ನೊಂದಕ್ಕೆ ನಮ್ಮ ಕಲಕತ್ತೆಯ ಸತ್ಯೇಂದ್ರನಾಥ ಬೋಸರ ಹೆಸರಿನಿಂದ ಬೋಸಾನ್ ಎಂದೂ ಹೆಸರು.

ಇವೆರಡರ ಸ್ವಭಾವಭೇದವನ್ನು ತಿಳಿಯಲು ನಮಗೆ ಪ್ರಯೋಗಶಾಲೆ ಬೇಕಿಲ್ಲ. ಕಲ್ಯಾಣ ಸ್ಟೇಷನ್ನು ಸಾಕು. ಊರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನ ರಿಸರ್ವೇಶನ್ ಡಬ್ಬಿಯಲ್ಲಿ ಒಂದು ಬರ್ತಿಗೆ ಒಬ್ಬರೇ; ಇನ್ನೊಬ್ಬರು ಬಂದರೆ ಅವರಿಗೆ ಬೇರೆ ಬರ್ತು ಬೇಕು. ಫರ್ಮಿಯಾನುಗಳ ನಡತೆ ಇದು. ಬೋಸಾನುಗಳೋ, ಬೆಳಗಿನ ಫಾಸ್ಟ್ ಲೋಕಲ್ಲನ್ನು ಡೊಂಬಿವಲಿಯಲ್ಲಿ ಹತ್ತುವವರಂತೆ. ಮೂವರ ಬೆಂಚಿನಲ್ಲಿ ನಾಲ್ಕನೆಯವರಿಗೂ ಎಡೆಯುಂಟು. ಎಷ್ಟು ಬಂದರೂ ಅದೇ ಜಾಗದಲ್ಲಿ ಸೇರಿಕೊಳ್ಳುತ್ತವೆ. ಎಲೆಕ್ಟ್ರಾನು, ಕ್ವಾರ್ಕು ಮೊದಲಾದ ಫರ್ಮಿಯಾನುಗಳು ಲೋಕವೆಂಬ ಮನೆಯ ಇಟ್ಟಿಗೆಗಳು. ಬೆಳಕಿನ ಕಣವಾದ ಫೋಟಾನು ಮೊದಲಾದ ಬೋಸಾನುಗಳು ಆ ಇಟ್ಟಿಗೆಗಳನ್ನು ಹಿಡಿದಿಡುವ ಗಾರೆ.

ಇಟ್ಟಿಗೆಗೂ ಗಾರೆಗೂ ಸಂಬಂಧವೇ ಇಲ್ಲವೆ? ಇದೆಯೆಂದು 1971ರಲ್ಲಿ ಮಾಸ್ಕೋದ ಗೋಲ್‌ಫಾಂಡ್ ಮತ್ತು ಲಿಖ್ಟ್‌ಮನ್ ಎಂಬವರು ಗಣಿತದಿಂದ ಸೂಚಿಸಿದರು. 1974ರಲ್ಲಿ ಯುರೋಪಿನ ವೆಸ್ ಮತ್ತು ಜುಮಿನೊ ಎಂಬವರು ಅದನ್ನು ಎಲ್ಲರ ಗಮನಕ್ಕೆ ಬರುವಂತೆ ರೂಪಿಸಿದರು. ಅವರ ಮಾತಿನ ಸಾರಾಂಶವಿಷ್ಟು: ಪ್ರತಿಯೊಂದು ಫರ್ಮಿಯಾನಿಗೂ ಬೋಸಾನ್ ಕುಲದ ಒಂದು ಜೋಡಿಯಿದೆ, ಪ್ರತಿಯೊಂದು ಬೋಸಾನಿಗೂ ಫರ್ಮಿಯಾನ್ ಕುಲದ ಒಂದು ಜೋಡಿಯಿದೆ. ಎಲೆಕ್ಟ್ರಾನಿನ ಜೋಡಿಗೆ ಸೆಲೆಕ್ಟ್ರಾನ್ ಎಂದೂ, ಕ್ವಾರ್ಕಿನ ಜೋಡಿಗೆ ಸ್ಕ್ವಾರ್ಕ್ ಎಂದೂ, ಫೋಟಾನಿನ ಜೋಡಿಗೆ ಫೋಟಿನೊ ಎಂದೂ ನಾಮಕರಣವೂ ಆಯಿತು. ಮಗು ಹುಟ್ಟುವ ಮೊದಲೇ ತೊಟ್ಟಿಲ ಶಾಸ್ತ್ರ ಮಾಡಿದಂತೆ!

ಬಾಗಿಲ ಮುಂದೆ ಹಾಕಿದ ರಂಗೋಲಿಯಲ್ಲಿ ಎಡಗಡೆ ಮಾತ್ರ ಗೆರೆಗಳಿದ್ದು ಬಲಗಡೆ ಬರಿಯ ನೆಲವಿದ್ದರೆ, ಅರ್ಧ ಅಳಿಸಿಹೋಗಿದೆಯೆಂದು ನಮ್ಮ ಹೆಣ್ಣುಮಕ್ಕಳು ಕೂಡಲೇ ಹೇಳುತ್ತಾರೆ. ಅತಿಸಮ್ಮಿತಿಯನ್ನು ನಂಬಿದವರೂ ಹೀಗೆಯೇ ಹೇಳಿದರು: ನಾವು ಈವರೆಗೆ ಕಂಡ ಕಣಗಳು ಅರ್ಧ ರಂಗೋಲಿ, ಉಳಿದರ್ಧ ಎಲ್ಲೋ ಅಡಗಿದೆ.

ನಂಬಿಕೆಗೆ ಕಾರಣ

ಕೇವಲ ಅಂದಕ್ಕಾಗಿ ಇದನ್ನು ನಂಬಿದರೆಂದು ತಿಳಿಯಬಾರದು. ಮುಖ್ಯವಾಗಿ ಮೂರು ಕಾರಣಗಳಿದ್ದುವು.

ಮೊದಲನೆಯದು ಹಿಗ್ಸ್ ಕಣದ ತೂಕ. ಉಳಿದ ಕಣಗಳಿಗೆ ತೂಕ ಬರುವ ಬಗೆಯನ್ನು ವಿವರಿಸುವ ಈ ಕಣವನ್ನು 1964ರಲ್ಲಿ ಊಹಿಸಿದ್ದರು. 2012ರ ಜುಲೈ 4ರಂದು ಅದು ಸಿಕ್ಕಿತೆಂದು ಸಾರಲಾಯಿತು. ಅದರ ತೂಕ ಪ್ರೋಟಾನಿನ ಸುಮಾರು 133 ಪಟ್ಟು. ಆದರೆ ಲೆಕ್ಕ ಹಾಕುತ್ತ ಹೋದರೆ, ಸುತ್ತಲಿನ ಕಣಗಳ ಪ್ರಭಾವದಿಂದ ಅದು ಕೋಟಿ ಕೋಟಿ ಪಟ್ಟು ಏರಿಬಿಡಬೇಕಾಗಿತ್ತು. ಏರದಂತೆ ತಡೆದಿರುವುದು ಯಾವುದು? ಅತಿಸಮ್ಮಿತಿಯಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. ಫರ್ಮಿಯಾನಿನಿಂದ ಬರುವ ಖರ್ಚನ್ನು ಅದರ ಬೋಸಾನ್ ಜೋಡಿಯಿಂದ ಬರುವ ಜಮೆ ಸರಿತೂಗಿಸುತ್ತದೆ, ತಕ್ಕಡಿ ನಿಲ್ಲುತ್ತದೆ.

ಎರಡನೆಯದು ಆಕಾಶದ ಲೆಕ್ಕ. ನಕ್ಷತ್ರಗಳ ಸಮೂಹಗಳು ಸುತ್ತುವ ವೇಗವನ್ನು ನೋಡಿದರೆ ಕಣ್ಣಿಗೆ ಕಾಣುವ ವಸ್ತುವಿನ ಸೆಳೆತ ಸಾಲದು. 1933ರಲ್ಲಿ ಫ್ರಿಟ್ಸ್ ಜ್ವಿಕಿ ಎಂಬವರು ಇದನ್ನು ಕಂಡರು. 1970ರ ದಶಕದಲ್ಲಿ ಅಮೆರಿಕದ ವೆರಾ ರೂಬಿನ್ ಎಂಬ ಮಹಿಳೆ ಅಳೆದು ಗಟ್ಟಿಮಾಡಿದರು. ನಾವು ಬಲ್ಲ ವಸ್ತು ವಿಶ್ವದ ಬಾಬತ್ತಿನಲ್ಲಿ ನೂರಕ್ಕೆ ಐದು ಪಾಲು ಮಾತ್ರ. ಕಾಣದ ಕತ್ತಲ ವಸ್ತು ಅದರ ಐದು ಪಟ್ಟಿಗೂ ಹೆಚ್ಚು. ಅತಿಸಮ್ಮಿತಿಯ ಜೋಡಿಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಈ ಕತ್ತಲ ವಸ್ತುವಾಗಿರಲು ತಕ್ಕ ಗುಣಗಳನ್ನೆಲ್ಲ ಪಡೆದಿತ್ತು.

ಮೂರನೆಯದು ಬಲಗಳ ಐಕ್ಯ. ವಿದ್ಯುತ್ತಿನ ಬಲವೂ ಪರಮಾಣುವಿನೊಳಗಿನ ಎರಡು ಬಲಗಳೂ ಬಹು ಎತ್ತರದ ಶಕ್ತಿಯಲ್ಲಿ ಒಂದೇ ಆಗಿರಬಹುದೆಂಬ ಊಹೆಯುಂಟು. ಈ ಜೋಡಿಗಳನ್ನು ಸೇರಿಸಿ ಲೆಕ್ಕ ಮಾಡಿದರೆ ಮೂರು ಗೆರೆಗಳೂ ಹೆಚ್ಚುಕಡಿಮೆ ಒಂದೇ ಬಿಂದುವಿನಲ್ಲಿ ಬಂದು ಕೂಡುತ್ತವೆ.

ಒಂದು ಕೀಲಿಯಿಂದ ಮೂರು ಬೀಗ ತೆರೆಯುವುದಾದರೆ ಆ ಕೀಲಿಯನ್ನು ಯಾರು ತಾನೇ ಹುಡುಕದೆ ಇದ್ದಾರು?

ಅಂಗಳದಲ್ಲಿ ಸಿಡಿದ ಪಟಾಕಿ

ಈ ಜೋಡಿಗಳು ನಿತ್ಯದ ಲೋಕದಲ್ಲಿ ಕಾಣದಿರಲು ಅವು ಬಹಳ ಭಾರವಾಗಿರುವುದೇ ಕಾರಣವಿರಬೇಕೆಂದು ಊಹೆ. ಶಕ್ತಿಯನ್ನು ವಸ್ತುವಾಗಿ ಮಾರ್ಪಡಿಸಬಹುದೆಂದು ಐನ್‌ಸ್ಟೈನ್ ತೋರಿಸಿದ್ದಾರಷ್ಟೆ. ಆದುದರಿಂದ ಎರಡು ಪ್ರೋಟಾನುಗಳನ್ನು ಅಗಾಧ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆಸಿದರೆ, ಆ ಶಕ್ತಿಯಿಂದ ಭಾರವಾದ ಹೊಸ ಕಣಗಳು ಕ್ಷಣಮಾತ್ರ ಹುಟ್ಟಬಹುದು.

ಇದಕ್ಕಾಗಿ ಜಿನೀವಾ ನಗರದ ಹತ್ತಿರ, ಸ್ವಿಟ್ಜರ್‌ಲೆಂಡ್ ಮತ್ತು ಫ್ರಾನ್ಸಿನ ಗಡಿಯಲ್ಲಿ, ನೆಲದಿಂದ ಸುಮಾರು ನೂರು ಮೀಟರು ಆಳದಲ್ಲಿ ಲಾರ್ಜ್ ಹೇಡ್ರಾನ್ ಕೊಲೈಡರ್ ಎಂಬ ಯಂತ್ರವನ್ನು ಸರ್ನ್ ಸಂಸ್ಥೆ ಕಟ್ಟಿದೆ. ಅದರ ಉಂಗುರದಾಕಾರದ ಸುರಂಗದ ಸುತ್ತಳತೆ 27 ಕಿಲೋಮೀಟರು, ಎಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಸುಮಾರು ಭಾಂಡುಪ್‌ವರೆಗಿನ ರೈಲುದಾರಿ. ಪ್ರೋಟಾನು ಒಂದು ಸೆಕೆಂಡಿಗೆ ಈ ದಾರಿಯನ್ನು ಹನ್ನೊಂದು ಸಾವಿರಕ್ಕೂ ಹೆಚ್ಚು ಸಲ ಸುತ್ತುತ್ತದೆ. ಅದರ ದಾರಿಯನ್ನು ಬಾಗಿಸಲು 1232 ದೊಡ್ಡ ಅಯಸ್ಕಾಂತಗಳಿವೆ. ಒಂದೊಂದೂ 15 ಮೀಟರು ಉದ್ದ, ಸುಮಾರು 35 ಟನ್ನು ಭಾರ. ಅವನ್ನು ಸೊನ್ನೆಗಿಂತ 271 ಡಿಗ್ರಿ ಕೆಳಗೆ ತಣ್ಣಗಿಡಬೇಕು. 2008ರ ಸೆಪ್ಟೆಂಬರಿನಲ್ಲಿ ಯಂತ್ರ ಆರಂಭವಾದ ಒಂಬತ್ತೇ ದಿನಗಳಲ್ಲಿ ಒಂದು ಜೋಡಣೆ ಕೆಟ್ಟು ಹೀಲಿಯಂ ಸೋರಿ, ಒಂದು ವರ್ಷಕ್ಕೂ ಮಿಕ್ಕಿ ನಿಂತುಹೋಯಿತು. ದುರಸ್ತಿಯಾಗಿ 2010ರಲ್ಲಿ ನಿಜವಾದ ಕೆಲಸ ತೊಡಗಿತು.

ಈಗ ಮುಖ್ಯವಾದ ಪ್ರಶ್ನೆ: ಹುಟ್ಟಿದ ಹೊಸ ಕಣವನ್ನು ಗುರುತಿಸುವುದು ಹೇಗೆ? ಭಾರವಾದ ಜೋಡಿ ಹುಟ್ಟಿದೊಡನೆ ಒಡೆದುಹೋಗುತ್ತದೆ. ಕೊನೆಗೆ ಉಳಿಯುವ ಹಗುರ ಜೋಡಿ ಯಾವ ಉಪಕರಣಕ್ಕೂ ಸಿಕ್ಕದೆ, ಗುರುತನ್ನೂ ಬಿಡದೆ ಗೋಡೆ ತೂರಿ ಹೊರಟುಹೋಗುತ್ತದೆ.

ಕಾಣದ್ದನ್ನು ಕಂಡವುಗಳಿಂದ ತಿಳಿಯಬೇಕು. ದೀಪಾವಳಿಯಲ್ಲಿ ಅಂಗಳದ ನಡುವೆ ಒಂದು ಪಟಾಕಿ ಸಿಡಿದರೆ ಕಾಗದದ ಚೂರುಗಳು ಸುತ್ತಲೂ ಹರಡುತ್ತವೆ. ಬೆಳಗಾಗೆದ್ದು ನೋಡಿದಾಗ ಚೂರುಗಳೆಲ್ಲ ತುಳಸಿಕಟ್ಟೆಯ ಕಡೆಗೇ ಬಿದ್ದಿದ್ದು, ಬಾಗಿಲ ಕಡೆಗೆ ಒಂದೂ ಇಲ್ಲವೆನ್ನಿ. ಆಗ, ಬಾಗಿಲ ಕಡೆಗೂ ಏನೋ ಹಾರಿದೆ, ಅದು ನಮ್ಮ ಕಣ್ಣಿಗೆ ಬೀಳಲಿಲ್ಲ ಎಂದು ತರ್ಕಿಸಬಹುದು. ಪ್ರೋಟಾನುಗಳು ಎದುರುಬದುರಾಗಿ ಬರುವಾಗ ಅಡ್ಡದಿಕ್ಕಿನಲ್ಲಿ ಅವುಗಳಿಗೆ ಚಲನೆಯಿಲ್ಲವೆಂದೇ ಹೇಳಬಹುದು. ಆದುದರಿಂದ ಡಿಕ್ಕಿಯ ತರುವಾಯ ಅಡ್ಡಲಾಗಿ ಹಾರಿದ ಎಲ್ಲ ಚೂರುಗಳ ಲೆಕ್ಕ ಕೂಡಿಸಿದರೆ ಸೊನ್ನೆ ಬರಬೇಕು. ಬಾರದಿದ್ದರೆ ಯಾವುದೋ ಒಂದು ಕಾಣೆಯಾಗಿದೆ. ಅತಿಸಮ್ಮಿತಿಯ ಹುಡುಕಾಟದ ಮುಖ್ಯವಾದ ದಾರಿ ಇದೇ.

ಎಣಿಸುವವನ ಮೇಲೆ ಕಾವಲು

ಆದರೆ ಇಲ್ಲಿಯೇ ಹತ್ತನೆಯವನ ಕತೆ ಬಂದು ಎದುರು ನಿಲ್ಲುತ್ತದೆ. ಲೆಕ್ಕ ತಪ್ಪಿತೆಂದ ಮಾತ್ರಕ್ಕೆ ಹೊಸ ಕಣ ಹುಟ್ಟಿತೆನ್ನುವಂತಿಲ್ಲ. ನ್ಯೂಟ್ರಿನೊ ಎಂಬ ಹಳೆಯ ಪರಿಚಯದ ಕಣವೂ ಹೀಗೆಯೇ ತಪ್ಪಿಸಿಕೊಂಡು ಹೋಗುತ್ತದೆ. ಅದಲ್ಲದೆ ಉಪಕರಣದ ಕಣ್ಣುತಪ್ಪಿ ಸಾಮಾನ್ಯ ಚೂರೇ ಸೋರಿಹೋಗಿರಬಹುದು. ಆಗ ಕಾಣೆಯಾದವನು ನಿಜವಾಗಿ ಕಾಣೆಯಾದವನಲ್ಲ. ನಾವೇ ಎಣಿಸದೆ ಬಿಟ್ಟವನು.

ಈ ತಪ್ಪನ್ನು ತಡೆಯುವ ಕೆಲಸದಲ್ಲಿ ಮುಂಬಯಿಯ ಪಾಲು ದೊಡ್ಡದು. ಡಿಕ್ಕಿಗಳನ್ನು ನೋಡುವ ಎರಡು ಮಹಾ ಉಪಕರಣಗಳಲ್ಲಿ ಒಂದಾದ ಸಿ.ಎಂ.ಎಸ್.ನ ನಡುವೆ ಆರು ಮೀಟರು ಅಗಲದ ಬಾಯುಳ್ಳ ಅಯಸ್ಕಾಂತದ ಸುರುಳಿಯಿದೆ. ಕಣಗಳ ಶಕ್ತಿಯನ್ನು ಅಳೆಯತಕ್ಕ ಮಾಪಕ ಅದರೊಳಗೆ ಅಡಕವಾಗಿ ಕುಳಿತಿದೆ. ಜಾಗ ಕಡಮೆಯಾದ್ದರಿಂದ, ಬಹಳ ರಭಸದ ಚೂರುಗಳು ಮಾಪಕವನ್ನು ದಾಟಿ ಹೊರಬೀಳುವ ಸಂಭವವುಂಟು. ಹಾಗೆ ಸೋರಿದ್ದನ್ನು ಹಿಡಿಯಲು ಸುರುಳಿಯ ಹೊರಗೆ ಇನ್ನೊಂದು ಸುತ್ತು ಮಾಪಕವನ್ನು ಇಟ್ಟರು. ಕಣ ಹಾದೊಡನೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳ ಈ ಹೊರಸುತ್ತನ್ನು ಕಟ್ಟಿಕೊಟ್ಟವರು ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದವರೊಡನೆ ಕೂಡಿ. ಎಣಿಸುವವನು ತನ್ನನ್ನು ಮರೆಯದಂತೆ ನೋಡಿಕೊಳ್ಳುವ ಕಾವಲು ಇದು. ಇದರಿಂದ ಹೊಸ ಕಣ ಸಿಕ್ಕಿತೆಂದು ಪತ್ರಿಕೆಯಲ್ಲಿ ಹೆಸರು ಬರಲಾರದು; ಆದರೆ ಇದಿಲ್ಲದೆ ಸಿಕ್ಕಿತೆನ್ನುವ ಮಾತಿಗೂ ಸಿಗಲಿಲ್ಲವೆನ್ನುವ ಮಾತಿಗೂ ಪೂರ್ಣ ಬೆಲೆಯಿಲ್ಲ.

ವಾಶಿ ಸೇತುವೆಯ ಮೇಲೆ ರೈಲು ಬರುವಾಗ ಖಾಡಿಯಾಚೆ ತ್ರಾಂಬೆಯ ಗುಡ್ಡ ಕಾಣುತ್ತದಲ್ಲ, ಅದರ ಮಗ್ಗುಲಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರೂ ಇದರಲ್ಲಿ ಪಾಲುದಾರರು. ಅದೇ ಉಪಕರಣಕ್ಕೆ ಬೇಕಾದ ಸಿಲಿಕಾನ್ ಬಿಲ್ಲೆಗಳನ್ನು ಅವರು ರೂಪಿಸಿದರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವು ತಯಾರಾದುವು. ಆರು ಸೆಂಟಿಮೀಟರಿಗೆ ತುಸು ಹೆಚ್ಚಾದ ಚದರದ ಒಂದೊಂದು ಬಿಲ್ಲೆಯಲ್ಲೂ 32 ಪಟ್ಟಿಗಳಿವೆ. ಇನ್ನು ಆ 35 ಟನ್ನಿನ ಅಯಸ್ಕಾಂತಗಳು ಕೂದಲೆಳೆಯಷ್ಟೂ ಅಲುಗದಂತೆ ಹೊತ್ತು ನಿಂತಿರುವ ಜಾಕುಗಳ ಸಂಗತಿ. ಒಂದೊಂದು ಅಯಸ್ಕಾಂತಕ್ಕೂ ಮೂರು ಜಾಕುಗಳು. ಒಟ್ಟು 7080 ಜಾಕುಗಳನ್ನು ಭಾರತವೇ ಒದಗಿಸಿತು. ಇಂದೋರಿನ ಸಂಶೋಧನಾ ಕೇಂದ್ರದ ಮೇಲ್ವಿಚಾರಣೆಯಲ್ಲಿ ಅವು ತಯಾರಾದದ್ದು ಇಂದೋರಿನ ಒಂದು ಕಾರ್ಖಾನೆಯಲ್ಲಿ ಮತ್ತು ಬೆಂಗಳೂರಿನ ಅವಸರಾಲ ಕಾರ್ಖಾನೆಯಲ್ಲಿ.

ಕೋಲಾರದ ಮೌನ

ಮೌನದಿಂದ ಸಂಗತಿಯನ್ನು ತಿಳಿಯುವ ಈ ವಿದ್ಯೆ ನಮ್ಮ ನೆಲಕ್ಕೆ ಹೊಸತಲ್ಲ. ಮೇಲೆ ಹೇಳಿದ ನ್ಯೂಟ್ರಿನೊ ಕೂಡ ಹುಟ್ಟಿದ್ದು ತಪ್ಪಿದ ಲೆಕ್ಕದಿಂದಲೇ. ಕೆಲವು ಪರಮಾಣುಗಳು ಒಡೆಯುವಾಗ ಶಕ್ತಿಯ ಜಮಾಖರ್ಚು ತಾಳೆಯಾಗುತ್ತಿರಲಿಲ್ಲ. ಕಾಣದ ಕಣವೊಂದು ಅದನ್ನು ಹೊತ್ತೊಯ್ಯುತ್ತಿರಬೇಕೆಂದು 1930ರಲ್ಲಿ ವುಲ್ಫ್‌ಗಾಂಗ್ ಪೌಲಿ ಊಹಿಸಿದರು. ಅದು ಕೈಗೆ ಸಿಕ್ಕಿದ್ದು 1956ರಲ್ಲಿ, ಇಪ್ಪತ್ತಾರು ವರ್ಷಗಳ ಮೇಲೆ.

ಆಕಾಶದಿಂದ ಬರುವ ಕಿರಣಗಳು ವಾತಾವರಣಕ್ಕೆ ತಾಗಿದಾಗಲೂ ನ್ಯೂಟ್ರಿನೊಗಳು ಹುಟ್ಟುತ್ತವೆ. ಅವನ್ನು ಹಿಡಿಯಬೇಕಾದರೆ ಇತರ ಕಣಗಳ ಗದ್ದಲವಿಲ್ಲದ ಜಾಗ ಬೇಕು. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, 1948ರಲ್ಲಿ ಟಾಟಾ ಸಂಸ್ಥೆಯನ್ನು ಸೇರಿದ ಬಿ. ವಿ. ಶ್ರೀಕಂಠನ್ ಅವರು, ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಉಪಕರಣಗಳನ್ನು ಹೊತ್ತು ಇಳಿದರು. ಆಳಕ್ಕೆ ಇಳಿದಂತೆ ಕಣಗಳ ಎಣಿಕೆ ಹೇಗೆ ಇಳಿಯುತ್ತದೆಂದು ಅಳೆದರು. ಮುಂದೆ 1960ರ ದಶಕದ ಆರಂಭದಲ್ಲಿ ಈ ಅಳತೆ ಇನ್ನೂ ಆಳಕ್ಕೆ ಹೋಯಿತು. ಎಲ್ಲಕ್ಕಿಂತ ಆಳವಾದ ಜಾಗದಲ್ಲಿ ಎರಡು ತಿಂಗಳು ಉಪಕರಣವನ್ನಿಟ್ಟು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಬೇರೆ ಯಾರಾದರೂ ನಿರಾಶರಾಗಿ ಮೇಲೇರಿ ಬರುತ್ತಿದ್ದರೇನೋ. ಇವರು ಆ ಸೊನ್ನೆಯನ್ನೇ ಬರೆದುಕೊಂಡರು. ಇಷ್ಟು ನಿಶ್ಶಬ್ದವಾದ ಜಾಗವಾದರೆ ಇಲ್ಲಿ ನ್ಯೂಟ್ರಿನೊವಿನ ಹೆಜ್ಜೆಸಪ್ಪಳ ಕೇಳಬಹುದೆಂದು ತಿಳಿದರು.

ಹಾಗೆಯೇ ಆಯಿತು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾನಿಲಯಗಳು ಕೂಡಿ 2.3 ಕಿಲೋಮೀಟರು ಆಳದಲ್ಲಿ ಮಾಡಿದ ಪ್ರಯೋಗದಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿತು. 1965ರ ಆಗಸ್ಟಿನಲ್ಲಿ ಅದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಗಣಿಯಲ್ಲಿ ಇದೇ ಕೆಲಸದಲ್ಲಿದ್ದ ಇನ್ನೊಂದು ತಂಡದ ವರದಿ ಅದೇ ತಿಂಗಳ ಕೊನೆಗೆ ಹೊರಬಂದಿತು.

ಅದೇ ಗಣಿಯಲ್ಲಿ 1980ರಿಂದ ಮತ್ತೊಂದು ಹುಡುಕಾಟ ನಡೆಯಿತು. ಬಲಗಳ ಐಕ್ಯ ನಿಜವಾದರೆ ಪ್ರೋಟಾನು ಎಂದಾದರೊಂದು ದಿನ ತಾನಾಗಿ ಅಳಿಯಬೇಕು. ಆ ಅಳಿವನ್ನು ಕಾಣಲು 140 ಟನ್ನು ಕಬ್ಬಿಣದ ಪದರಗಳ ನಡುವೆ ಉಪಕರಣಗಳನ್ನಿಟ್ಟು ಕಾದರು. ಕೆಲವು ಗುರುತುಗಳು ಕಂಡವೆಂದು ಹೇಳಿದರೂ ಅಮೆರಿಕ ಮತ್ತು ಜಪಾನಿನ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಆದರೆ ಜಪಾನಿನಲ್ಲಿ ಪ್ರೋಟಾನಿನ ಅಳಿವಿಗಾಗಿಯೇ ಕಟ್ಟಿದ ಉಪಕರಣ 1987ರಲ್ಲಿ, ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳನ್ನು ಹಿಡಿಯಿತು! ಹುಡುಕಿದ್ದೊಂದು, ಸಿಕ್ಕಿದ್ದೊಂದು.

ಟಾಟಾ ಸಂಸ್ಥೆ 1945ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಬಂದಿತು. ನಮ್ಮಂತೆಯೇ ವಲಸೆ ಬಂದು ಇಲ್ಲಿ ಬೇರೂರಿದ ಸಂಸ್ಥೆ! ಶ್ರೀಕಂಠನ್ ಅವರೂ ಅದರೊಡನೆ ಬೆಳೆದು 1975ರಿಂದ 1987ರವರೆಗೆ ಅದರ ನಿರ್ದೇಶಕರಾಗಿದ್ದರು. ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ಕಳೆದು 2019ರಲ್ಲಿ ತೀರಿಕೊಂಡರು.

ಪುಣೆಯ ಹೆಣ್ಣುಮಗಳು

ಕನ್ನಡನಾಡಿನಿಂದ ಮುಂಬಯಿಗೆ ಬಂದವರ ಮಾತಾಯಿತು. ಮುಂಬಯಿಯಿಂದ ಕನ್ನಡನಾಡಿಗೆ ಹೋದವರ ಮಾತನ್ನೂ ಹೇಳಬೇಕು. ಅತಿಸಮ್ಮಿತಿಯ ಹುಡುಕಾಟದಲ್ಲಿ ಜಗತ್ತೇ ಬಲ್ಲ ಹೆಸರು ರೋಹಿಣಿ ಗೋಡಬೋಲೆ ಅವರದು.

1952ರಲ್ಲಿ ಪುಣೆಯಲ್ಲಿ ಹುಟ್ಟಿದ ಇವರು ಓದಿದ್ದು ಹೆಣ್ಣುಮಕ್ಕಳ ಶಾಲೆಯಲ್ಲಿ. ಆರಂಭದ ತರಗತಿಗಳಲ್ಲಿ ಹುಡುಗಿಯರಿಗೆ ಗೃಹವಿಜ್ಞಾನವೇ ಪಾಠವಾಗಿತ್ತು. ಅಲ್ಲಿಂದ ಹೊರಟು ನಮ್ಮ ಪೊವಾಯಿಯ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ. ಮುಗಿಸಿ, ಅಮೆರಿಕದ ಸ್ಟೋನಿ ಬ್ರೂಕಿನಲ್ಲಿ 1979ರಲ್ಲಿ ಡಾಕ್ಟರೇಟ್ ಪಡೆದು ಮರಳಿದರು. ಕೆಲಕಾಲ ಟಾಟಾ ಸಂಸ್ಥೆಯಲ್ಲಿದ್ದು, ಆಮೇಲೆ 1995ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. 1995ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು.

ಯಂತ್ರ ಏನನ್ನು ಹುಡುಕಬೇಕು, ಅದು ಸಿಕ್ಕಿದರೆ ಹೇಗೆ ಕಾಣುತ್ತದೆ, ಬೇರೆ ಯಾವುದು ಅದರಂತೆ ವೇಷ ಹಾಕಿ ಬರಬಹುದು, ಇವುಗಳನ್ನು ಮೊದಲೇ ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಜರ್ಮನಿಯ ಮಾನ್ಯುಯೆಲ್ ಡ್ರೀಸ್ ಮತ್ತು ಟಾಟಾ ಸಂಸ್ಥೆಯ ಪ್ರೊಬೀರ್ ರಾಯ್ ಅವರೊಡನೆ ಕೂಡಿ ಅತಿಸಮ್ಮಿತಿಯ ಕಣಗಳ ವಿಷಯವಾಗಿ ಅವರು ಬರೆದ ದೊಡ್ಡ ಪಠ್ಯಗ್ರಂಥ 2004ರಲ್ಲಿ, ಯಂತ್ರ ಆರಂಭವಾಗುವುದಕ್ಕೆ ನಾಲ್ಕು ವರ್ಷ ಮೊದಲೇ ಪ್ರಕಟವಾಯಿತು. ಹುಡುಗಿಯರು ವಿಜ್ಞಾನಕ್ಕೆ ಬರಬೇಕೆಂಬುದು ಅವರ ಇನ್ನೊಂದು ಹಂಬಲ. ನಮ್ಮ ದೇಶದ ಸುಮಾರು ನೂರು ಮಂದಿ ವಿಜ್ಞಾನಿ ಮಹಿಳೆಯರ ಬಾಳಿನ ಕತೆಗಳ ಸಂಕಲನವನ್ನು, ಲೀಲಾವತಿಯ ಹೆಣ್ಣುಮಕ್ಕಳು ಎಂಬ ಅರ್ಥ ಬರುವ ಇಂಗ್ಲಿಷ್ ಹೆಸರಿನಲ್ಲಿ, ರಾಮ್ ರಾಮಸ್ವಾಮಿ ಅವರೊಡನೆ 2008ರಲ್ಲಿ ಹೊರತಂದರು. 2019ರಲ್ಲಿ ಪದ್ಮಶ್ರೀ ಬಂದಿತು. 2024ರ ಅಕ್ಟೋಬರ್ 25ರಂದು ಅವರು ತೀರಿಕೊಂಡರು. ಹತ್ತನೆಯವನು ಆವರೆಗೂ ಸಿಕ್ಕಿರಲಿಲ್ಲ.

ಹಾಗಾದರೆ ಅವರ ಬಾಳಿನ ದುಡಿಮೆಗೆ ಫಲವೇನು? ಕೇಳಲೇಬೇಕಾದ ಪ್ರಶ್ನೆ ಇದು.

ಸಿಗದಿದ್ದುದರ ಬೆಲೆ

ಮೊದಲು ಈವರೆಗಿನ ಫಲಿತಾಂಶ. ಯಂತ್ರದ ಶಕ್ತಿ 2010ರಲ್ಲಿ 7 ಇದ್ದದ್ದು 2015ರಲ್ಲಿ 13ಕ್ಕೂ, 2022ರಲ್ಲಿ 13.6ಕ್ಕೂ ಏರಿತು. ಈ ಅಳತೆಯ ಒಂದು ಮಾನ ಪ್ರೋಟಾನಿನ ತೂಕದ ಸುಮಾರು ಸಾವಿರ ಪಟ್ಟಿಗೆ ಸಮ. ಕ್ವಾರ್ಕುಗಳನ್ನು ಬೆಸೆಯುವ ಗ್ಲುವಾನ್ ಎಂಬ ಕಣದ ಜೋಡಿ, ಹಲವು ಸರಳವಾದ ಲೆಕ್ಕಗಳ ಪ್ರಕಾರ, ಪ್ರೋಟಾನಿನ ಎರಡು ಸಾವಿರ ಪಟ್ಟಿಗಿಂತ ಹಗುರವಾಗಿ ಇರಲಾರದೆಂದು ತೀರ್ಮಾನವಾಗಿದೆ. ಎಂದರೆ, ಬಹಳ ಮಂದಿ ಆಶಿಸಿದ್ದ ಜಾಗಗಳಲ್ಲೆಲ್ಲ ಹುಡುಕಿ ನೋಡಿ, ಇಲ್ಲಿಲ್ಲ ಎಂದು ಗೆರೆ ಎಳೆದಾಯಿತು.

ಈ "ಇಲ್ಲ" ಎಂಬ ಮಾತನ್ನು ಅವರು ಎಷ್ಟು ಜಾಗ್ರತೆಯಿಂದ ಹೇಳುತ್ತಾರೆಂಬುದು ತಿಳಿಯತಕ್ಕ ಸಂಗತಿ. ಹೊಸ ಕಣ ಇರಬಹುದಾದ ಭಾಗವನ್ನು ಮೊದಲು ನೋಡುವುದೇ ಇಲ್ಲ, ಮುಚ್ಚಿಡುತ್ತಾರೆ. ಹಳೆಯ ಕಣಗಳಿಂದ ಅಲ್ಲಿ ಎಷ್ಟು ಎಣಿಕೆ ಬರಬೇಕೆಂದು ಲೆಕ್ಕ ಗಟ್ಟಿಮಾಡಿದ ಮೇಲೆಯೇ ಮುಚ್ಚಳ ತೆಗೆಯುತ್ತಾರೆ. ಮನಸ್ಸಿನ ಆಸೆ ಕಣ್ಣಿಗೆ ಮೋಸಮಾಡದಿರಲೆಂದು ಈ ಉಪಾಯ. 2015ರ ಡಿಸೆಂಬರಿನಲ್ಲಿ ಯಂತ್ರದ ಎರಡು ಮಹಾ ಉಪಕರಣಗಳಲ್ಲೂ ಹೊಸ ಕಣದ ಸುಳಿವೊಂದು ಕಂಡಂತಾಯಿತು. ಲೋಕವೆಲ್ಲ ಸಂಭ್ರಮಪಟ್ಟಿತು; ಅದನ್ನು ವಿವರಿಸಿ ನೂರಾರು ಲೇಖನಗಳು ಹೊರಬಂದುವು. 2016ರ ಆಗಸ್ಟಿನಲ್ಲಿ ಹೆಚ್ಚಿನ ಎಣಿಕೆ ಕೈಸೇರಿದಾಗ ಸುಳಿವು ಕರಗಿಹೋಯಿತು. ಕರಗಿತೆಂದು ಎಲ್ಲರೆದುರು ಹೇಳಿದವರು, ಅದನ್ನು ಕಂಡ ತಂಡಗಳವರೇ.

ಇಲ್ಲವೆಂಬ ಉತ್ತರ ಮುಂದಕ್ಕೆ ದಾರಿ ತೋರಿದ ಉದಾಹರಣೆಯೂ ಉಂಟು. ಯುರೇನಸ್ ಗ್ರಹದ ನಡೆ ಲೆಕ್ಕಕ್ಕೆ ತಾಳೆಯಾಗದಿದ್ದಾಗ, ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲೆ ವೆರಿಯೆ ಹೇಳಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ನಡೆಯಲ್ಲಿಯೂ ವ್ಯತ್ಯಾಸವಿದೆಯೆಂದು 1859ರಲ್ಲಿ ಅವನೇ ಕಂಡು, ಸೂರ್ಯನ ಹತ್ತಿರ ಮತ್ತೊಂದು ಗ್ರಹವಿರಬೇಕೆಂದ. ವಲ್ಕನ್ ಎಂದು ಅದಕ್ಕೆ ಹೆಸರೂ ಬಂದಿತು. ಎಷ್ಟು ಹುಡುಕಿದರೂ ಗ್ರಹ ಮಾತ್ರ ಸಿಗಲಿಲ್ಲ. ಕೊನೆಗೆ 1915ರಲ್ಲಿ ಐನ್‌ಸ್ಟೈನ್ ತೋರಿಸಿದರು: ಕಾಣೆಯಾದದ್ದು ಗ್ರಹವಲ್ಲ, ಗುರುತ್ವದ ವಿಷಯದಲ್ಲಿ ನಮ್ಮ ತಿಳಿವಳಿಕೆಯೇ ಕೊರತೆಯದು ಎಂದು. ಒಬ್ಬನೇ ಮನುಷ್ಯ, ಒಂದೇ ವಿಧಾನ. ಒಮ್ಮೆ ಸಿಕ್ಕಿದ್ದರಿಂದ ಒಂದು ಗ್ರಹ ಲಾಭವಾಯಿತು. ಇನ್ನೊಮ್ಮೆ ಸಿಗದಿದ್ದುದರಿಂದ ಆಕಾಶದ ಅರ್ಥವೇ ಬದಲಾಯಿತು. ಅತಿಸಮ್ಮಿತಿ ನೆಪ್ಚೂನೋ ವಲ್ಕನ್ನೋ ಇಂದು ಯಾರೂ ಹೇಳಲಾರರು. ಹೆಚ್ಚು ಡಿಕ್ಕಿಗಳನ್ನು ಕೊಡುವಂತೆ ಬಲಪಡಿಸಿದ ಯಂತ್ರ 2030ರ ಹೊತ್ತಿಗೆ ಕೆಲಸ ತೊಡಗಬೇಕೆಂದು ಯೋಜನೆಯಿದೆ.

ಮನೆಯ ಮಾತು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಮನೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿದೊಡನೆ ಏಳುವ ಚರ್ಚೆ ಎಲ್ಲರಿಗೂ ಗೊತ್ತಿರತಕ್ಕದ್ದೇ. ಇಂಜಿನಿಯರಿಂಗೋ ಮೆಡಿಕಲ್ಲೋ ಎನ್ನುವಷ್ಟರಲ್ಲಿ ಮಗಳೊಬ್ಬಳು, "ಅಪ್ಪಾ, ನಾನು ಫಿಜಿಕ್ಸ್ ಓದುತ್ತೇನೆ" ಎಂದುಬಿಟ್ಟರೆ ಮನೆಯಲ್ಲಿ ಒಂದು ಗಳಿಗೆ ಮಾತೇ ನಿಲ್ಲುತ್ತದೆ. ಊರು ಬಿಟ್ಟು ಬಂದವರಿಗೆ ಅನ್ನದ ಚಿಂತೆ ಸಹಜ. ಅದನ್ನು ಹಗುರವಾಗಿ ಕಾಣಬಾರದು. ಎಲ್ಲ ಮಕ್ಕಳೂ ಕಣಗಳನ್ನು ಹುಡುಕಲು ಹೋಗಬೇಕಾದ್ದಿಲ್ಲ. ಆದರೆ, "ಹುಡುಕಿ ಹುಡುಕಿ ಕೊನೆಗೆ ಸಿಗದಿದ್ದರೆ ಏನು ಗತಿ?" ಎಂದು ಕೇಳುವ ಮೊದಲು ಕೋಲಾರದ ಆಳದಲ್ಲಿ ಎರಡು ತಿಂಗಳು ಕಾದು, ಸೊನ್ನೆಯೆಂದು ಬರೆದುಕೊಂಡವರನ್ನು ನೆನೆಯಬಹುದು. ಆ ಸೊನ್ನೆಯಿಲ್ಲದೆ 1965ರ ನ್ಯೂಟ್ರಿನೊ ಇರಲಿಲ್ಲ.

ರೋಹಿಣಿ ಗೋಡಬೋಲೆಯವರ ಪುಸ್ತಕದಲ್ಲಿರುವುದು, ಎಲ್ಲಿ ಹೇಗೆ ಹುಡುಕಬೇಕೆಂಬ ಕ್ರಮ. ಆ ಕ್ರಮವಿದ್ದುದರಿಂದಲೇ ಇಂದು "ಇಲ್ಲಿಲ್ಲ" ಎಂದು ನಂಬಿಕೆಯಿಂದ ಹೇಳಲು ಸಾಧ್ಯವಾಯಿತು. ಕೊಲಾಬಾದವರು ಕಟ್ಟಿದ ಹಲಗೆಗಳು ಆ ಮಾತಿಗೆ ಸಾಕ್ಷಿ ನಿಂತಿವೆ.

ತಿಂಗಳ ಕೊನೆಯಲ್ಲಿ ಮನೆಯ ಲೆಕ್ಕದ ಪುಸ್ತಕ ಹಿಡಿದು ಕುಳಿತ ತಾಯಿ, ಹತ್ತು ರೂಪಾಯಿ ಕಡಮೆ ಬಂದರೆ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ, ಮೊದಲಿನಿಂದ ಕೂಡಿಸುತ್ತಾಳೆ. ಹೊಳೆಯ ದಡದ ಆ ಹತ್ತು ಮಂದಿಯೂ ಅಳುವ ಮೊದಲು ಇಷ್ಟನ್ನೇ ಮಾಡಬೇಕಾಗಿತ್ತು. ಜಿನೀವಾದ ಸುರಂಗದಲ್ಲಿ ಈಗ ನಡೆಯುತ್ತಿರುವುದೂ ಅದೇ: ಮತ್ತೊಮ್ಮೆ, ಯಾರನ್ನೂ ಬಿಡದೆ, ತನ್ನನ್ನೂ ಸೇರಿಸಿಕೊಂಡು ಎಣಿಸುವುದು.